ಏಳನೇ ನಿಮಿಷದ ಸುಳ್ಳು

ಯಾರಾದರೂ ಹೊಟ್ಟೆ ಕೆಟ್ಟು ಆಸ್ಪತ್ರೆ ಸೇರಬಹುದಿತ್ತು. ಅರಕೆರೆ ಕಡೆಯ ಯಾವುದೋ ಮದುವೆ ಮನೆಯವರು ನನ್ನ ಮಾತು ನಂಬಿ ಎರಡು ಮೂಟೆ ಮಾವಿನಕಾಯಿ ಹಾಳು ಮಾಡಿಕೊಂಡು, ಟೆಂಪೋ ಮಾಡಿಕೊಂಡು ಬಂದು ನಮ್ಮ ಬಾಗಿಲಲ್ಲಿ ಇಳಿಯಬಹುದಿತ್ತು. ಪಾಂಡವಪುರದಲ್ಲಿರುವ ನನ್ನ ಗಂಡನ ಕಡೆಯವರು, ಇವಳಿಗೆ ಉಪ್ಪಿನಕಾಯಿ ಹಾಕುವುದಕ್ಕೂ ಬರುವುದಿಲ್ಲವೆಂಬ ತಮ್ಮ ಹಳೆಯ ಮಾತಿಗೆ ಸಾಕ್ಷಿ ಸಿಕ್ಕಿತೆಂದು ಆ ವೀಡಿಯೊವನ್ನು ಮನೆಮನೆಗೆ ಕಳಿಸಬಹುದಿತ್ತು. ನನ್ನ ಚಾನೆಲ್ಲೇ ಮುಚ್ಚಿಹೋಗಬಹುದಿತ್ತು. ಎರಡು ದಿನ ಊಟ ಬಿಟ್ಟು ಫೋನು ಹಿಡಿದು ಕೂತಿದ್ದೆ. ಊಟ ಬಿಟ್ಟೆ ಎನ್ನುವುದು ಸುಳ್ಳು, ಚಿಂತೆಯಾದಾಗ ನಾನು ಇನ್ನಷ್ಟು ತಿನ್ನುತ್ತೇನೆ.

ಮಾಡಿದ್ದು ಇಷ್ಟೇ. ಒಂದು ಅಡುಗೆ ವೀಡಿಯೊದಲ್ಲಿ ಬೇಕೆಂದೇ ತಪ್ಪು ಹೇಳಿದ್ದೆ.

ಕಿರಂಗೂರಿನ ನಮ್ಮ ಅಡುಗೆಮನೆಯಿಂದ ಚಾನೆಲ್ಲು ಶುರುಮಾಡಿ ನಾಲ್ಕು ವರ್ಷವಾಗಿತ್ತು. ಸಬ್‌ಸ್ಕ್ರೈಬರುಗಳು ಐದಂಕಿ ಮುಟ್ಟಿದ ದಿನ ಬೀದಿಗೆಲ್ಲ ಒಬ್ಬಟ್ಟು ಹಂಚಿದೆ. ಡೇರಿಗೆ ಹಾಲು ಹಾಕಿ ಬಂದ ಗಂಡ ಕ್ಯಾನು ಕೆಳಗಿಡುತ್ತಾ, "ಅಸ್ಟೂ ಜನ ನಿನ್ ಮಾತ್ ಕೇಳಾಕಿಲ್ಲ ಕಣಮ್ಮಿ. ಗುಡಿಗ್ ಬಂದೋರಂಗೆ ಗಂಟೆ ಒಡ್ದ್ಬುಟ್ಟು ಓಯ್ತಾರೆ" ಅಂದರು.

"ನೀವೊಂದ್ ದಿನ ನೋಡಿದ್ದೀರಾ?"

"ದಿನಾ ಮನೇಲೇ ನೋಡ್ತಾ ಇವ್ನಲ್ಲ, ಇನ್ನೂ ಫೋನಲ್ ಬ್ಯಾರೆ ನೋಡ್ಬೇಕಾ?"

ಮಾತು ನಾಟಿತು. ಜನ ಎಷ್ಟು ಹೊತ್ತು ನೋಡುತ್ತಾರೆಂದು ಚಾನೆಲ್ಲೇ ಗೆರೆ ಎಳೆದು ತೋರಿಸುತ್ತದೆ. ಅದನ್ನು ಮೊದಲ ಸಲ ತೆರೆದೆ. ಜಾರುಬಂಡೆಯ ಹಾಗಿತ್ತು. ಹನ್ನೊಂದು ನಿಮಿಷದ ವೀಡಿಯೊದಲ್ಲಿ ಎರಡನೇ ನಿಮಿಷಕ್ಕೇ ಮುಕ್ಕಾಲು ಪಾಲು ಜನ ಎದ್ದುಹೋಗಿದ್ದರು. ಆ ಹೊತ್ತಿಗೆ ನಾನಿನ್ನೂ ಎಲ್ಲರ ಆರೋಗ್ಯ ವಿಚಾರಿಸುತ್ತಿರುತ್ತೇನೆ. ಉಳಿದವರಾದರೂ ಕೇಳಿಸಿಕೊಳ್ಳುತ್ತಿದ್ದರೋ, ಫೋನನ್ನು ಅದರ ಪಾಡಿಗೆ ಬಿಟ್ಟು ಬಟ್ಟೆ ಒಗೆಯುತ್ತಿದ್ದರೋ, ಗೆರೆಗೆ ಅದೆಲ್ಲ ತಿಳಿಯದು. ನನಗೆ ತಿಳಿಯಲೇಬೇಕಿತ್ತು.

ಹಾಗಾಗಿ ಮಾವಿನಕಾಯಿ ಉಪ್ಪಿನಕಾಯಿಯ ವೀಡಿಯೊದಲ್ಲಿ, ಏಳನೇ ನಿಮಿಷಕ್ಕೆ, ನಗುನಗುತ್ತಾ ಹೇಳಿದೆ: "ತೊಳೆದ ಮಾವಿನಕಾಯೀನ ಒರೆಸ್ಬೇಡಿ. ನೀರಿನ ಪಸೆ ಹಾಗೇ ಇರಲಿ, ಆಗ್ಲೇ ಹದ ಬರೋದು." ನಮ್ಮ ಕಡೆ ಸೌಟು ಹಿಡಿಯಲು ಬಾರದವರಿಗೂ ಗೊತ್ತು, ಉಪ್ಪಿನಕಾಯಿಗೆ ನೀರು ಸೋಕಿದರೆ ಬೂಷ್ಟು ಬರುತ್ತದೆಂದು. ನಾಲ್ಕು ಜನ ಬೈದರೂ ಸಾಕು, ಕೇಳಿಸಿಕೊಳ್ಳುವವರು ನಾಲ್ಕು ಜನ ಇದ್ದಾರೆಂದಾಯಿತು ಅಂದುಕೊಂಡೆ.

ಒಬ್ಬರೂ ಬೈಯಲಿಲ್ಲ. "ಸೂಪರ್ ಅಕ್ಕ." "ಬಾಯಲ್ಲಿ ನೀರು ಬಂತು." ಒಬ್ಬಾಕೆ ಸೀರೆ ಎಲ್ಲಿ ತಗೊಂಡಿರಿ ಎಂದು ಕೇಳಿದ್ದಳು. ನಾನು ವೀಡಿಯೊ ಹಾಕಿ ಇಪ್ಪತ್ತು ನಿಮಿಷವಾಗಿರಲಿಲ್ಲ, ಇನ್ನೊಬ್ಬರು "ಮಾಡಿದೆ, ತುಂಬಾ ರುಚಿಯಾಗಿತ್ತು" ಎಂದು ಬರೆದಿದ್ದರು. ಹದಿನೈದು ದಿನ ನೆನೆಯಬೇಕಾದ ಉಪ್ಪಿನಕಾಯಿ! ಮೂರನೇ ದಿನ ವೀಡಿಯೊ ತೆಗೆದುಹಾಕಿದೆ. ಏಕೆ ತೆಗೆದಿರಿ ಎಂದೂ ಯಾರೂ ಕೇಳಲಿಲ್ಲ. ಭಯ ಹೋಯಿತು. ಅದರ ಜಾಗದಲ್ಲಿ ಬಂದದ್ದು ಅದಕ್ಕಿಂತ ಕಹಿಯಾಗಿತ್ತು.

ಎರಡು ತಿಂಗಳು ಕಳೆದು ನಾಗಮಂಗಲದ ಹತ್ತಿರ ಇರುವ ನಮ್ಮಕ್ಕನ ಮನೆಗೆ ಹೋದೆ. ಆ ವರ್ಷದ ಉಪ್ಪಿನಕಾಯಿ ಒಂದು ಡಬ್ಬಿ ತುಂಬಿಸಿಕೊಂಡಿದ್ದೆ. ಅಕ್ಕನ ಅಟ್ಟದ ಮೇಲೆ ಪಿಂಗಾಣಿ ಜಾಡಿ ಬೋರಲಾಗಿತ್ತು.

"ಈ ವರ್ಸ ಆಕ್ಲಿಲ್ವೇನಕ್ಕ?"

"ಆಕ್ದೆ ಕಣವ್ವ. ಬೂಷ್ಟು ಬಂದ್ಬುಡ್ತು, ತಿಪ್ಪೆಗ್ ಸುರ್ದೆ."

"ಕಾಯಿ ಒರೆಸ್ಲಿಲ್ವಾ?"

"ನೀನೇ ಬ್ಯಾಡ ಅಂದ್ಯಲ್ಲ. ಫೋನ್ನ ಗ್ವಾಡೆಗ್ ಒರಗಿಸ್ಕೊಂಡು, ನೀನ್ ಯೋಳ್ದಂಗೇ ಮಾಡ್ದೆ."

ಅಮ್ಮ ಬೇಗ ಹೋದ ನಮ್ಮ ಮನೆಯಲ್ಲಿ ನನಗೆ ಉಪ್ಪಿನಕಾಯಿ ಹಾಕಲು ಕಲಿಸಿದವಳೇ ಈ ಅಕ್ಕ. ಒರೆಸಿದ ಕಾಯಿಯನ್ನು ಕೆನ್ನೆಗೆ ಮುಟ್ಟಿಸಿ ತೇವ ನೋಡುತ್ತಿದ್ದವಳು.

"ಅಲ್ಲಕ್ಕ, ನಂಗ್ ಕಲ್ಸಿದ್ದೇ ನೀನು. ತಪ್ಪು ಅಂತ ಅನ್ನಿಸ್ಲಿಲ್ವಾ?"

"ಅನ್ನಿಸ್ತು. ಆದ್ರೆ ಅಸ್ಟೊಂದ್ ಜನಕ್ಕೆ ಯೋಳ್ಕೊಡೋಳು, ಸುಮ್ಕೆ ಯೋಳ್ತಾಳಾ? ನಮ್ದೇ ಅಳೇ ಕಾಲದ್ದು, ತಪ್ಪಿರ್ಬೋದು ಅನ್ಕಂಡೆ."

ನನ್ನ ಡಬ್ಬಿ ತೆರೆದು ಒಂದು ಹೋಳು ನಾಲಿಗೆಗಿಟ್ಟುಕೊಂಡಳು. ಅದು ಆ ವೀಡಿಯೊದಲ್ಲೇ ಹಾಕಿದ ಉಪ್ಪಿನಕಾಯಿ. ಆ ಮಾತು ಹೇಳಿದ ಮೇಲೆ ಕ್ಯಾಮರಾ ನಿಲ್ಲಿಸಿ, ಒಂದೊಂದೇ ಕಾಯಿಯನ್ನು ಎರಡೆರಡು ಸಲ ಒರೆಸಿ, ಆಮೇಲೆ ಹೆಚ್ಚಿದ್ದೆ.

"ನೋಡು, ಅಂಗೇ ಮಾಡಿದ್ರೂ ನಿಂದು ಎಸ್ಟ್ ಚೆಂದಾಗ್ ಬಂದದೆ" ಅಂದಳು ಅಕ್ಕ. ಕೈ ತಿರುಗಿಸಿ ತನ್ನ ಅಂಗೈಯನ್ನೇ ಒಮ್ಮೆ ನೋಡಿಕೊಂಡಳು. "ನನ್ ಕೈಯೇ ಕೆಟ್ಟೋಗದೆ ಬುಡು. ಮುಂದಿನ್ ವರ್ಸದಿಂದ ನೀನೇ ಆಕ್ಕೊಡವ್ವ."

ಹೇಳಿಬಿಡಬೇಕೆಂದು ಬಾಯಿ ತೆರೆದೆ.

"ಆಗ್ಲಕ್ಕ" ಅಂದೆ.