ನನ್ನ ಮಗನ ಶೇಂಗಾ ವ್ರತ

ಪುಣೆಯಲ್ಲಿ ಶೇಂಗಾ ಇಲ್ಲದೆ ಬದುಕುವುದು ಹೇಗೆಂದು ಎಪ್ಪತ್ತರ ದಶಕದಲ್ಲಿ ಯಾರನ್ನಾದರೂ ಕೇಳಿದ್ದರೆ ನನ್ನನ್ನು ಹುಚ್ಚಿ ಎನ್ನುತ್ತಿದ್ದರು. ಪಲ್ಯಕ್ಕೆ ಶೇಂಗಾ ಪುಡಿ, ಕೋಸಂಬರಿಗೆ ಶೇಂಗಾ ಪುಡಿ, ಉಪವಾಸದ ದಿನವಂತೂ ಅದರದೇ ಕಾರುಬಾರು. ನಮ್ಮ ಬಾಗಲಕೋಟೆ ಕಡೆಯವರೇನು ಕಡಿಮೆ? ಮದುವೆಯಾಗಿ ಬರುವಾಗ ನಾನೇ ಒಂದು ಡಬ್ಬಿ ಶೇಂಗಾ ಚಟ್ನಿ ಹೊತ್ತು ತಂದವಳು. ಆ ಚಟ್ನಿಯೇ ಒಂದು ಚಿಟಿಕೆ ನಾಲಿಗೆಗೆ ತಾಗಿ, ಎರಡು ವರ್ಷದ ನನ್ನ ಮಗನ ತುಟಿ ಬಾತು ಉಸಿರು ಸಿಕ್ಕಿಕೊಂಡಿತು. ಅವನಪ್ಪ ಸೈಕಲ್ ಮೇಲೆ ಕೂರಿಸಿಕೊಂಡು ಆಸ್ಪತ್ರೆಗೆ ಓಡಿದ್ದರಿಂದ ಉಳಿದ. ಅದು ಅಲರ್ಜಿ, ಇನ್ನೊಮ್ಮೆ ಹೀಗಾದರೆ ಹೇಳಲಾಗದು ಎಂದರು ಡಾಕ್ಟರು.

ಆ ದಿನದಿಂದ ನನ್ನ ಮಧ್ಯಾಹ್ನದ ನಿದ್ದೆ ಹೋಯಿತು. ತಾಸಿಗೆ ಮೂರು ಸಲ ಮಗನ ತುಟಿ ಎಳೆದು ನೋಡುತ್ತಿದ್ದೆ. ಅವನನ್ನು ಎತ್ತಿಕೊಂಡವರ ಕೈಯನ್ನು, ನಮಸ್ಕಾರ ಮಾಡುವ ನೆಪದಲ್ಲಿ, ಮೂಸುತ್ತಿದ್ದೆ.

ಒಂದೇ ಅಂಗಳದ ಸುತ್ತ ಒಂಬತ್ತು ಸಂಸಾರಗಳಿದ್ದ ವಾಡೆ ನಮ್ಮದು. ಉಳಿದ ಎಂಟೂ ಮನೆಗೆ ಅಲರ್ಜಿ ಎಂದರೇನೆಂದು ತಿಳಿಸಿ ಹೇಳಿ ನನ್ನ ಗಂಟಲು ಒಣಗಿತು. ದಿನಾ ಒಂದೊಂದು ಕಾಳು ಕೊಟ್ಟು ರೂಢಿ ಮಾಡು ಎಂದಳು ಒಬ್ಬಳು. ಹುರಿದದ್ದು ಏನೂ ಮಾಡುವುದಿಲ್ಲ ಎಂದಳು ಇನ್ನೊಬ್ಬಳು. ಎದುರು ಮನೆಯವಳು ಅಂಟುರೋಗವೋ ಏನೋ ಎಂದು ತನ್ನ ಮಕ್ಕಳನ್ನು ಒಳಗೆ ಕರೆದುಕೊಂಡಳು. ಮರುದಿನ ಮನಸ್ಸು ಕರಗಿ, ಪಾಪ ಹುಷಾರಿಲ್ಲದ ಕೂಸಲ್ಲವೇ ಎಂದು ಅವನಿಗೆ ಚಿಕ್ಕಿ ತಂದಳು. ಶೇಂಗಾ ಚಿಕ್ಕಿ!

ನನಗೆ ತಲೆ ಕೆಟ್ಟುಹೋಯಿತು. ಚಿಕ್ಕಿಯನ್ನು ಅವಳ ಕೈಗೇ ತಿರುಗಿ ಕೊಟ್ಟು, "ನಮ್ಮ ಕುಲದೇವರಿಗೆ ಹರಕಿ ಅದರೀ. ನನ್ನ ಮಗ ಶೇಂಗಾ ಬಿಟ್ಟಾನ" ಎಂದುಬಿಟ್ಟೆ.

ಮುಗಿಯಿತು. ಅವಳು ಎರಡೂ ಕೆನ್ನೆ ಬಡಿದುಕೊಂಡಳು. ಸಂಜೆಯೊಳಗೆ ಎಂಟೂ ಮನೆಗಳಲ್ಲಿ ಮಗನಿಗೆಂದು ಬೇರೆ ಚಮಚ ಬಂತು. ಗಣಪತಿ ಪ್ರಸಾದ ಕೊಡುವ ಮೊದಲು ಶೇಂಗಾ ಇದೆಯೋ ಇಲ್ಲವೋ ಎಂದು ಅವರೇ ಒಬ್ಬರನ್ನೊಬ್ಬರು ಕೇಳುತ್ತಿದ್ದರು. ಏಕಾದಶಿಯ ದಿನ ಕೆಲವರು ನನ್ನ ಮಗನ ಕಾಲು ಮುಟ್ಟಿದ್ದೂ ಉಂಟು. ಅವನು ಚಡ್ಡಿ ಜಾರುತ್ತಿದ್ದರೂ ಗಂಭೀರವಾಗಿ ನಿಲ್ಲುತ್ತಿದ್ದ. "ಡಾಕ್ಟರ್ ಮಾತಿಗಿಲ್ಲದ ಕಿಮ್ಮತ್ತು ನಿನ್ನ ಸುಳ್ಳಿಗೆ ಬಂತಲ್ಲ" ಎಂದು ಗಂಡ ನಕ್ಕರು. ನನಗೂ ಸಮಾಧಾನವಾಗಿತ್ತು. ಆದರೆ ಹರಕೆ ಎಂದಮೇಲೆ ಅದನ್ನು ತೀರಿಸುವುದೂ ಒಂದಿರುತ್ತದೆ ಎಂಬುದನ್ನು ನಾನು ಮರೆತೆ.

ವಾಡೆಯಲ್ಲಿ ನಮ್ಮ ಕೋಣೆಯ ಕೆಳಗಿನ ಮನೆಯಲ್ಲಿ ಒಬ್ಬ ಅಜ್ಜಿ ಇದ್ದಳು. ತವರು ಸೊಲ್ಲಾಪುರ, ಮಾತು ಅರ್ಧ ಕನ್ನಡ, ಅರ್ಧ ಮರಾಠಿ. ನನ್ನ ಮಗನ ತಪಸ್ಸು ನೋಡಿ ನೋಡಿ ಅವಳಿಗೆ ಕನಿಕರ ಹುಟ್ಟಿತ್ತು. ಅವನಿಗೆ ಐದು ವರ್ಷವಾದ ಸಂಕ್ರಾಂತಿಗೆ ಅವಳ ಮನೆಯಲ್ಲಿ ಅರಿಶಿನ ಕುಂಕುಮ. ನಾನು ಹೋಗುವಷ್ಟರಲ್ಲಿ ಮಗನನ್ನು ಮಣೆಯ ಮೇಲೆ ಕೂರಿಸಿ ಆರತಿ ಎತ್ತಿದ್ದರು. ಅಜ್ಜಿ ಎಲ್ಲರಿಗೂ ಕೇಳುವಂತೆ ಹೇಳಿದಳು: "ಮುಂಜಾನಿ ದೇವರ ಮುಂದ ನೀರ ಬಿಟ್ಟ ಸಂಕಲ್ಪ ಮಾಡೇನಿ. ಇವನ ವ್ರತ ನಾ ತೊಗೊಂಡೆ. ಇನ್ನ ನಾ ಸಾಯೂತನಕಾ ಶೇಂಗಾ ಮುಟ್ಟಂಗಿಲ್ಲ, ನನ್ನ ಮನಿಯೊಳಗೂ ತರಂಗಿಲ್ಲ. ಲೇಕರು ತಿನ್ನಲಿ, ಪಾಪ ಕೂಸು, ಬಿಚಾರಾ!"

ಅವಳ ಕೈಯಲ್ಲಿ ಮನೆಯ ಕೊನೆಯ ಶೇಂಗಾ ಹಾಕಿ ಕಟ್ಟಿದ ಎಳ್ಳುಂಡೆ ಇತ್ತು. ಹಿರಿಯರು ಕೊಟ್ಟದ್ದಕ್ಕೆ ಇಲ್ಲ ಅನ್ನಬಾರದೆಂದು ನಾನೇ ಕಲಿಸಿದ್ದೆನಲ್ಲ, ಮಗ ಬಾಯಿ ತೆರೆದಿದ್ದ.

ನಾನು ಹೊಸ್ತಿಲಿಂದಲೇ ಹಾರಿ ಅವಳ ಕೈಗೆ ಹೊಡೆದೆ. ಉಂಡೆ ಮಂಚದ ಕೆಳಗೆ ಉರುಳಿತು, ಕುಂಕುಮವೆಲ್ಲ ನನ್ನ ಮೈಮೇಲೆ ಚೆಲ್ಲಿತು. ಹಬ್ಬದ ದಿನ ಮುತ್ತೈದೆಯರ ಮುಂದೆ ಮುದುಕಿಯ ಮೇಲೆ ಕೈಮಾಡಿದೆ! "ಹರಕಿ ಅಲ್ಲರೀ, ಸುಳ್ಳ ಹೇಳಿದೆ! ಅದನ್ನ ತಿಂದ್ರ ನನ್ನ ಮಗ ಉಳಿಯಂಗಿಲ್ಲ!" ಎಂದು ಅಲ್ಲೇ ಕುಸಿದು ಗೊಳೋ ಎಂದು ಅತ್ತೆ. ಮೂರು ವರ್ಷದ ಭಯವೆಲ್ಲ ಆ ಅಳುವಿನಲ್ಲಿ ಬಂತು.

ಅಜ್ಜಿ ಮಂಚದ ಕೆಳಗೆ ಬಗ್ಗಿ ಆ ಉಂಡೆಯನ್ನು ಹೆಕ್ಕಿಕೊಂಡಳು. ಅದನ್ನೇ ನೋಡುತ್ತ ಸೊರಗಿದ ದನಿಯಲ್ಲಿ ಕೇಳಿದಳು: "ಅಗಬಾಯಿ, ನನ್ನವ್ವಾ, ಹಂಗಾರ ನಾ ಶೇಂಗಾ ಯಾಕ ಬಿಟ್ಟೆ?"

ಹಿಂತೆಗೆದುಕೊಳ್ಳಿ ಎಂದು ಎಲ್ಲರೂ ಹೇಳಿದರು. ಅವಳು ಕೇಳಲಿಲ್ಲ, ದೇವರ ಮುಂದೆ ನೀರು ಬಿಟ್ಟಾಗಿತ್ತು. ತಿಂಗಳಿಗೆರಡು ಏಕಾದಶಿ, ಶೇಂಗಾ ಇಲ್ಲದ ಸಾಬುದಾಣಿ ಖಿಚಡಿ, ಬಾಯಲ್ಲಿಟ್ಟರೆ ಗೋಂದು. ಅವಳು ಬದುಕಿದಷ್ಟು ಕಾಲ, ಅಂದರೆ ಇನ್ನೂ ಒಂಬತ್ತು ವರ್ಷ, ಅದನ್ನೇ ತಿಂದಳು.

ಹೀಗೆ ಇಡೀ ಪುಣೆಯಲ್ಲಿ, ನನ್ನ ಮನೆ ಬಿಟ್ಟರೆ, ಶೇಂಗಾ ಇಲ್ಲದ ಮನೆ ಅದೊಂದಾಯಿತು. ಏಕಾದಶಿಯ ಮಧ್ಯಾಹ್ನ ಮಗ ಅವಳ ತಾಟಿನಲ್ಲೇ ಕೈಯಿಟ್ಟು ಖಿಚಡಿ ತಿನ್ನುತ್ತಿದ್ದ. ಒಂದೊಂದು ತುತ್ತಿಗೂ ಅವಳು ನನ್ನನ್ನು ಎರಡೂ ಭಾಷೆಯಲ್ಲಿ ಬೈಯುತ್ತಿದ್ದಳು: ಸುಳ್ಳಿ, ಖೋಟಾರಡಿ, ನನ್ನ ನಾಲಿಗಿ ಕೆಡಿಸಿದಾಕಿ. ಮೇಲಿನ ಕೋಣೆಯಲ್ಲಿ ಚಾಪೆಯ ಮೇಲೆ ಅಡ್ಡಾಗಿ ನಾನು ಆ ಬೈಗುಳ ಕೇಳುತ್ತಿದ್ದೆ. ಕೇಳುತ್ತ ಕೇಳುತ್ತ ನಿದ್ದೆ ಹತ್ತುತ್ತಿತ್ತು.