ಗೆದ್ದಲು ತಿಂದ ಬಾಗಿಲು

ಕಲ್ಯಾಣದ ಹಳೆಯ ಬಜಾರಿನಲ್ಲಿ ನಿಜಾಮರ ಕಾಲದ ಒಂದು ಮುಸಾಫಿರಖಾನೆ ಇತ್ತು. ಮುಡಬಿಯಿಂದ ಕಚೇರಿ ಕೆಲಸಕ್ಕೆ ಬಂದಾಗ ನನ್ನ ತಂದೆ ಅಲ್ಲಿ ಇಳಿದುಕೊಳ್ಳುತ್ತಿದ್ದರು. ನನ್ನ ಕಾಲಕ್ಕೆ ಮುಸಾಫಿರರೆಲ್ಲ ಲಾಡ್ಜಿಗೆ ಹೋಗಿ ಪಾರಿವಾಳಗಳಷ್ಟೇ ಉಳಿದಿದ್ದವು. ಅದರ ಜಗಲಿಯಲ್ಲಿ ಕೂತು ನಾನೂ ನನ್ನ ಗೆಳೆಯನೂ ಮೆಟ್ರಿಕ್‌ಗೆ ಓದಿದೆವು. ಓದಿದ್ದಕ್ಕಿಂತ ಚುರಮುರಿ ಸುಸಲಾ ತಿಂದದ್ದೇ ಹೆಚ್ಚು. ಬೇಸರವಾದ ಒಂದು ದಿನ ಅದರ ಸಾಗವಾನಿ ಬಾಗಿಲಿನ ಮೇಲೆ ಕೈವಾರದ ಮೊನೆಯಿಂದ ಇಬ್ಬರೂ ಒಂದೊಂದು ಮೀನು ಕೆತ್ತಿದೆವು. ನನ್ನ ಮೀನಿಗೆ ಬಾಲವಿಲ್ಲ. ಅಷ್ಟರಲ್ಲಿ ಕಾವಲುಗಾರ ಬಂದಿದ್ದ.

ಮುಂದೆ ಗೆಳೆಯ ಗುತ್ತೇದಾರನಾಗಿ ಹುಮನಾಬಾದಿನ ಕಡೆ ನೆಲೆಸಿದ. ನಾನು ಕಲ್ಯಾಣದಲ್ಲೇ ಮಾಸ್ತರನಾಗಿ, 'ಪೂರ್ತಿ ಓದಿ ಉತ್ತರಿಸಿರಿ' ಎಂದು ಮಕ್ಕಳಿಗೆ ಹೇಳುತ್ತಲೇ ನಿವೃತ್ತನಾದೆ. ನಿವೃತ್ತ ಮಾಸ್ತರನಿಗೆ ನಮ್ಮಲ್ಲಿ ಅರ್ಜಿ ಹಾಕದೆಯೇ ಒಂದು ಪದವಿ ಬರುತ್ತದೆ: ಪಂಚ. ಯಾವ ಪಂಚನಾಮೆಗೂ ಸಾಕ್ಷಿ ಸಹಿ ಹಾಕಲು ಊರಿನ ಇಬ್ಬರು ಪ್ರತಿಷ್ಠಿತರು ಬೇಕು. ಪ್ರತಿಷ್ಠಿತ ಎಂದರೆ ಒಗೆದ ಧೋತರ ಉಟ್ಟು, ಕರೆದಾಗ ಮನೆಯಲ್ಲಿ ಸಿಗುವವನು.

ಹೋದ ವರ್ಷ ಮುಸಾಫಿರಖಾನೆಯ ಒಂದು ಗೋಡೆ ಕುಸಿಯಿತು. ದುರಸ್ತಿ ಕೆಲಸ ಗೆಳೆಯನಿಗೇ ಸಿಕ್ಕಿತೆಂದು ಕೇಳಿ ನಾನು ಬಜಾರಿನ ತುಂಬ ಹೇಳಿಕೊಂಡು ತಿರುಗಿದೆ. ಹಾಳಾದ ಸಾಮಾನಿನ ಪಂಚನಾಮೆಗೆ ಅವನೇ ಬಂದು ಕರೆದ. ಅದೇ ಜಗಲಿಯಲ್ಲಿ ಕೂರಿಸಿ, ಚಹಾ ತರಿಸಿ ಕಾಗದ ಮುಂದಿಟ್ಟ. ಚಷ್ಮಾ ಮನೆಯಲ್ಲಿ ಉಳಿದಿತ್ತು; ಓದಿ ಹೇಳು ಎಂದೆ.

"ಕಲ್ಲು ಮಣ್ಣಿಂದು ಏನ್ ಓದ್ತಿ ಮಾಸ್ತರ? ಚಹಾ ಆರಾಕತ್ತದ."

ಚಹಾ ಆರುವುದು ಗಂಭೀರ ವಿಷಯ. ಸಹಿ ಹಾಕಿದೆ.

ವಾರದಲ್ಲಿ ಬಾಗಿಲು ಕಾಣೆಯಾಯಿತು. ಕೇಳಿದಾಗ ಗೆಳೆಯ, ಪಾಲಿಶಿಗೆ ಕಳಿಸೀನಿ ಎಂದ. ಅದನ್ನೂ ಬಜಾರಿಗೆ ನಾನೇ ಭರವಸೆಯಿಂದ ತಿಳಿಸಿದೆ.

ಮಾಣಿಕನಗರದಲ್ಲಿ ಅವನು ಕಟ್ಟಿಸಿದ ಮನೆಯ ಗೃಹಪ್ರವೇಶಕ್ಕೆ ಹೋದಾಗ ಚಷ್ಮಾ ನನ್ನ ಮೂಗಿನ ಮೇಲೇ ಇತ್ತು. ಹೊಸಿಲಿಗೆ ಅರಿಶಿನ ಕುಂಕುಮ, ಮೇಲೆ ಮಾವಿನ ತೋರಣ. ನಡುವೆ ಹೊಳೆಯುವ ಸಾಗವಾನಿಯ ಮೇಲೆ ಎರಡು ಮೀನು. ಒಂದಕ್ಕೆ ಬಾಲವಿರಲಿಲ್ಲ.

ಅವನನ್ನು ಬದಿಗೆ ಕರೆದೆ. ಬಚ್ಚಿಡುವ ಗೋಜಿಗೇ ಅವನು ಹೋಗಲಿಲ್ಲ. ಪಂಚನಾಮೆಯ ನಕಲು ತಂದು ತೋರಿಸಿದ. ಬಾಗಿಲು ಗೆದ್ದಲು ಹಿಡಿದು ಉರುವಲಿಗೂ ಬಾರದಂತಾಗಿದೆ ಎಂದಿತ್ತು. ಕೆಳಗೆ ನನ್ನ ಸಹಿ, ದುಂಡಗೆ, ಹಾಜರಿ ಪುಸ್ತಕದಲ್ಲಿ ಹಾಕುತ್ತಿದ್ದಂತೆಯೇ.

"ನಾ ಓದಿದ್ರ ಏನ್ ಮಾಡ್ತಿದ್ದಿ?" ಎಂದೆ.

"ನೀ ಓದಂಗಿಲ್ಲ ಅಂತ ಗೊತ್ತಿತ್ತು. ಅದಕ್ಕ ನಿನ್ನ ಕರದೆ. ಬ್ಯಾರೆಯವ ನನ್ನ ಮ್ಯಾಲ ಅಷ್ಟು ಭರೋಸಾ ಎಲ್ಲಿ ಇಡ್ತಾನ?"

ಹೆಗಲ ಮೇಲೆ ಕೈ ಹಾಕಿಯೇ ಹೇಳಿದ. ಪ್ರೀತಿಯಿಂದಲೇ ಹೇಳಿದ, ಅದನ್ನು ನಾನು ಇಂದಿಗೂ ಅಲ್ಲಗಳೆಯಲಾರೆ. ಊಟಕ್ಕೆ ನಿಲ್ಲದೆ ಬಸ್ ಹಿಡಿದೆ.

ಮರುದಿನ ಮುಸಾಫಿರಖಾನೆಯ ಎದುರಿನ ಪಾನ್ ಅಂಗಡಿಯವನು, ಪಾಲಿಶ್ ಮುಗೀತೇನ್ರಿ ಸರ್ ಎಂದು ಕೇಳಿದ. ಆ ಬಾಗಿಲು ಎಲ್ಲಿದೆ, ಯಾರ ಸಹಿಯಿಂದ ಅಲ್ಲಿಗೆ ಹೋಯಿತು, ಎಲ್ಲವನ್ನೂ ಹೇಳಿದೆ. ಓದದೆ ಸಹಿ ಹಾಕಿದೆ ಎಂದಾಗ ಮಾತ್ರ ಅವನು ನಂಬಲಿಲ್ಲ. ಮಾಸ್ತರರು ಓದದೆ ಸಹಿ ಹಾಕುತ್ತಾರೆಯೇ?

ಮೊದಲೆಲ್ಲ ನನ್ನನ್ನು ಕಂಡರೆ ಅವನು ಸ್ಟೂಲಿನಿಂದ ಏಳುತ್ತಿದ್ದ. ಈಗ ಕೂತೇ ಎಲೆಗೆ ಸುಣ್ಣ ಹಚ್ಚುತ್ತಾನೆ.