ಸುಣ್ಣ ಬಳಿದ ಲೈನ್ ಮನೆ

ಬೆಳಿಗ್ಗೆ ಏಳಕ್ಕೆ ಚಿಕ್ಕಮಗಳೂರಿನಲ್ಲಿ ಮೂಡಿಗೆರೆ ಬಸ್ಸು ಹತ್ತಿದಾಗ ನನ್ನ ಚೀಲದಲ್ಲಿದ್ದದ್ದು ಸುತ್ತಿಗೆ, ಟಾರ್ಚು, ಅಳತೆ ಟೇಪು ಮತ್ತು ಒಂದು ಸ್ವೆಟರ್. ಹೆಂಗಸಾದ್ದರಿಂದ ಸರ್ಕಾರಿ ಬಸ್ಸಿನಲ್ಲಿ ನನ್ನ ಟಿಕೆಟ್ ಪುಕ್ಕಟೆ. ಚೀಲದಿಂದ ಇಣುಕುತ್ತಿದ್ದ ಸುತ್ತಿಗೆಯನ್ನು ನೋಡಿ ಕಂಡಕ್ಟರ್, "ಇದು ಯಾರ ತಲೆಗೆ ಅಕ್ಕ?" ಎಂದ. "ಹಳೇ ಮನೆಗಳ ತಲೆಗೆ ಮಾರಾಯ," ಎಂದೆ. ಅವನು ನಕ್ಕ. ನನಗೆ ಮಾತ್ರ ನಗುವ ಮನಸ್ಸಿರಲಿಲ್ಲ.

ಕಳಸದ ದಾರಿಯ ಒಂದು ಕಾಫಿ ತೋಟದಲ್ಲಿ ಹತ್ತು ದಿನಗಳ ಹಿಂದೆ ಕೆಲಸದವರ ಲೈನ್ ಮನೆಯೊಳಗೆ ಗ್ಯಾಸ್ ಸೋರಿ ಸ್ಫೋಟವಾಗಿತ್ತು. ಚಳಿಗೆ ಕಿಟಕಿ ಬಾಗಿಲು ಬಿಗಿಯಾಗಿ ಮುಚ್ಚಿಕೊಂಡಿದ್ದ ಗಂಡ ಹೆಂಡತಿ ಇಬ್ಬರೂ ಉಳಿಯಲಿಲ್ಲ. ಸಾಲಾಗಿ ಆರು ಕೋಣೆ, ಎಲ್ಲಕ್ಕೂ ಸೇರಿ ಮೇಲೆ ಒಂದೇ ಕಾಂಕ್ರೀಟ್ ಚಾವಣಿ, ಅಂದರೆ ಮೋಲ್ಡು, ಹೆಚ್ಚುಕಡಿಮೆ ನನ್ನ ವಯಸ್ಸಿನದು. ಉಳಿದ ಐದು ಸಂಸಾರಗಳು ಕಾಫಿ ಗೋದಾಮಿನಲ್ಲಿ ಮಲಗುತ್ತಿದ್ದವು. ಅವರು ಮನೆಗೆ ಮರಳಬಹುದೇ ಎಂದು ನೋಡಿ ಬರೆದುಕೊಡುವುದು ಎಂಜಿನಿಯರಾದ ನನ್ನ ಕೆಲಸ.

ಮೂಡಿಗೆರೆಯಲ್ಲಿ ಬಸ್ಸು ಬದಲಿಸಿದೆ. ಕೊಟ್ಟಿಗೆಹಾರದಲ್ಲಿ ಎರಡು ನೀರ್‌ದೋಸೆ ತಿಂದು, ಮುಂದಿನ ತಿರುವುಗಳಲ್ಲಿ ಅವನ್ನು ಹೊಟ್ಟೆಯಲ್ಲೇ ಉಳಿಸಿಕೊಳ್ಳಲು ಹೆಣಗಿದೆ. ಮಂಜು ಕರಗಿದಾಗ ಇಳಿಜಾರಿನ ತುಂಬ ಕಾಫಿ ಕೊಯ್ಯುವವರು ಕಂಡರು. ತೋಟದ ಗೇಟಿನಲ್ಲಿ ಇಳಿದಾಗ ಹನ್ನೊಂದಾಗಿತ್ತು. ಅಲ್ಲಿ ಜೀಪಿನೊಂದಿಗೆ ಕಾಯುತ್ತಿದ್ದವರು ತೋಟದ ಲೆಕ್ಕಪತ್ರ ನೋಡುವ ರೈಟರ್.

ಲೈನ್ ಮನೆ ನೋಡಿದ ತಕ್ಷಣ ನನಗೆ ಮೈಯೆಲ್ಲ ಉರಿಯಿತು. ಸ್ಫೋಟವಾದ ನಾಲ್ಕನೇ ಕೋಣೆಯೊಂದನ್ನು ಬಿಟ್ಟು ಇಡೀ ಕಟ್ಟಡ ಮದುವೆ ಮನೆಯಂತೆ ಬೆಳ್ಳಗಿತ್ತು.

"ನೀವು ಬರ್ತೀರಿ ಅಂತ ಬಿರುಕೆಲ್ಲ ಮೆತ್ತಿಸಿ ಸುಣ್ಣ ಹೊಡ್ಸಿದ್ದೀವಿ ಮೇಡಂ," ಎಂದರು ರೈಟರ್, ಶಹಬ್ಬಾಸ್ ಎನ್ನುತ್ತೇನೆಂದು ಕಾಯುತ್ತ. "ದೊಡ್ಡೋರು ಬರೋವಾಗ ಹಾಗೇ ಬಿಡೋಕಾಗ್ತದಾ?"

"ಡಾಕ್ಟರು ಬರೋ ಮೊದಲು ಗಾಯಕ್ಕೆ ಪೌಡರ್ ಹಚ್ಚಿದ್ದೀರಿ," ಎಂದೆ. ಅವರ ಮುಖ ಸಣ್ಣದಾಯಿತು. ಕೇಡು ಬಯಸಿ ಮಾಡಿದ್ದಲ್ಲ, ಮರ್ಯಾದೆಗೆ ಮಾಡಿದ್ದು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ನಾಲ್ಕನೇ ಕೋಣೆಯ ಬಾಗಿಲು ಅಂಗಳದಾಚೆ ಕಾಫಿ ಗಿಡಗಳಲ್ಲಿ ಬಿದ್ದಿತ್ತು. ನೆತ್ತಿಯ ಕಾಂಕ್ರೀಟ್ ಉದುರಿ, ತುಕ್ಕು ತಿಂದು ತೆಳುವಾದ ಕಂಬಿಗಳು ಜೋತಾಡುತ್ತಿದ್ದವು. ಮೋಲ್ಡು ಮೇಲಿನ ಭಾರ ಹೊರಲು ಇರುವುದು. ಅದಕ್ಕೇ ಕಂಬಿ ಬಹುಪಾಲು ಅದರ ಕೆಳಮೈಯಲ್ಲಿರುತ್ತದೆ. ಒಳಗೆ ಗ್ಯಾಸ್ ಸಿಡಿದರೆ ಅದು ಕೆಳಗಿನಿಂದ ಒದೆ ತಿನ್ನುತ್ತದೆ. ಹೊಸ ಮೋಲ್ಡಾದರೆ ಹೇಗೋ ತಡೆದೀತು. ನೂರಾರು ಇಂಚು ಮಳೆಯನ್ನು ವರ್ಷ ವರ್ಷವೂ ಕುಡಿದು ಕಂಬಿ ತುಕ್ಕು ಹಿಡಿದದ್ದು ಗೋಡೆ ಬಿಟ್ಟು ಮೇಲೆದ್ದು ಮತ್ತೆ ಬೀಳುತ್ತದೆ, ಬಿದ್ದ ಮೇಲೆ ಮೊದಲಿನಂತೆ ಕೂರುವುದಿಲ್ಲ.

ಕೋಣೆಯಿಂದ ಕೋಣೆಗೆ ಸ್ಟೂಲು ಹತ್ತಿ, ಮೋಲ್ಡಿನ ಅಡಿಗೆ ಸುತ್ತಿಗೆಯಿಂದ ತಟ್ಟುತ್ತ ಹೋದೆ. ಮೂರು, ಐದು, ಎರಡು, ಆರು: ಎಲ್ಲ ಕಡೆ ಡಬಡಬ ಟೊಳ್ಳು ಸದ್ದು. ತುದಿಯ ಒಂದನೇ ಕೋಣೆಯಲ್ಲಿ ಮಾತ್ರ ಸದ್ದು ಗಟ್ಟಿಯಾಗಿತ್ತು. ಅದು ಕಾಫಿ ಕೊಯ್ಯುವ ಗುಲಾಬಿಯ ಮನೆ. ಅವಳ ಮಗಳು ಇಪ್ಪತ್ತು ದಿನದ ಬಾಣಂತಿ, ಕೂಸಿನೊಂದಿಗೆ ಗೋದಾಮಿನ ಚೀಲಗಳ ನಡುವೆ ಮಲಗಿದ್ದಳು. ಸುಣ್ಣ ಬಳಿದಾಯಿತು, ಇನ್ನೇನು ಮನೆಗೆ ಬರುವುದೇ ಎಂದು ಗುಲಾಬಿ ಮೋಲ್ಡಿನ ಕೊಕ್ಕೆಗೆ ಸೀರೆಯ ತೊಟ್ಟಿಲನ್ನೂ ಕಟ್ಟಿಟ್ಟಿದ್ದಳು.

"ಇದೊಂದಾದ್ರೂ ಆಗ್ತದಲ್ಲ ಮೇಡಂ?" ಎಂದರು ರೈಟರ್.

"ಆಗಬಹುದು," ಎಂದು ಪೆನ್ನು ತೆಗೆದೆ. ತೊಟ್ಟಿಲು ನೋಡಿ ನನ್ನ ಮನಸ್ಸೂ ಅದನ್ನೇ ಬಯಸಿತ್ತು.

ಕರಿಕಾಫಿ ತಂದ ಗುಲಾಬಿ ಲೋಟ ಕೊಟ್ಟು ಅಲ್ಲೇ ನಿಂತಳು.

"ಅಮ್ಮ, ಇಲ್ಲೂ ಬಾಯಿ ಬಿಟ್ಟಿತ್ತು. ನಾನೇ ಮೆತ್ತಿದ್ದು."

"ಸುಮ್ನಿರು ಮಾರಾಯ್ತಿ," ಎಂದರು ರೈಟರ್, ಮೆಲ್ಲಗೆ. "ನಿನ್ ಮನೇನೇ ಅಲ್ವ?"

"ನನ್ ಮನೆ ಅಂತಾನೇ ಹೇಳಿದ್ದು. ಕೂಸು ಮಲಗೋದು ಇದ್ರ ಅಡೀಲಿ."

ಸ್ಟೂಲು ಹತ್ತಿ, ಗೋಡೆಗೆ ಮೋಲ್ಡು ಕೂಡುವ ಮೂಲೆಯ ಸುಣ್ಣವನ್ನು ಕತ್ತಿಯ ತುದಿಯಿಂದ ಕೆರೆದಳು. ಸಿಮೆಂಟು ಹೆಕ್ಕಳೆ ಹೆಕ್ಕಳೆಯಾಗಿ ಉದುರಿತು. ಮೂಲೆಯಿಂದ ಮೂಲೆಗೆ ಮೋಲ್ಡು ಗೋಡೆ ಬಿಟ್ಟು ಎದ್ದಿತ್ತು. ಸಂದಿನಲ್ಲಿ ನನ್ನ ಕಿರುಬೆರಳು ಹೋಯಿತು. ನಡುವೆ ಮಾತ್ರ ತಟ್ಟಿ ನೋಡಿ ಒಪ್ಪಿಕೊಂಡಿದ್ದ ನನಗೆ ನಾಚಿಕೆಯಾಯಿತು.

ಆರು ಕೋಣೆಗಳಲ್ಲಿ ಯಾವುದರಲ್ಲೂ ಯಾರೂ ಇರಕೂಡದು, ಕಟ್ಟಡ ಕೆಡವಬೇಕು ಎಂದು ಬರೆದೆ. ಗುಲಾಬಿ ಓದಿ ಹೇಳಲು ಕೇಳಿದಳು. ಓದಿದೆ. "ಸರಿ," ಎಂದಳು.

ಮೂರರ ಬಸ್ಸಿಗೆ ಜೀಪು ಹತ್ತಿ ಹಿಂತಿರುಗಿ ನೋಡಿದೆ. ತೆರೆದ ಬಾಗಿಲಿನೊಳಗೆ ಗುಲಾಬಿ ಅದೇ ಸ್ಟೂಲಿನ ಮೇಲೆ ನಿಂತು ಕೊಕ್ಕೆಯಿಂದ ತೊಟ್ಟಿಲಿನ ಗಂಟು ಬಿಚ್ಚುತ್ತಿದ್ದಳು. ಗಂಟು ಬಿಗಿಯಾಗಿತ್ತೋ ಏನೋ, ಹಲ್ಲಿನಿಂದ ಕಚ್ಚಿ ಎಳೆಯುತ್ತಿದ್ದಳು.